ಮಗಳ ಗ್ರಾಮರ್ ಶಾಲೆಗಾಗಿ ಮನೆ ಬದಲಿಸುವಿರಾ? ಮೊದಲು ನಿಯಮ, ಆಮೇಲೆ ಮನೆ

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಗಳಿಗೆ ಎಂಟೋ ಒಂಬತ್ತೋ ತುಂಬಿದಾಗ ಒಂದು ಮಾತು ಶುರುವಾಗುತ್ತದೆ. ರೆಡಿಂಗ್‌ಗೆ ಹೋಗೋಣವಾ, ಸಟನ್‌ಗೆ ಹೋಗೋಣವಾ, ಇಲ್ಲ ಬಕಿಂಗ್‌ಹ್ಯಾಮ್‌ಶೈರ್ ಕಡೆ ನೋಡೋಣವಾ? ಆಫೀಸಿಗೆ ಯಾವ ಊರು ಹತ್ತಿರ ಎಂಬ ಲೆಕ್ಕ ಹಿಂದೆ ಸರಿಯುತ್ತದೆ, ಶಾಲೆಯ ಲೆಕ್ಕ ಮುಂದೆ ಬರುತ್ತದೆ.

ಗ್ರಾಮರ್ ಶಾಲೆಗಳು ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರೌಢಶಾಲೆಗಳು. ಶುಲ್ಕವಿಲ್ಲ, ಆದರೆ ಹನ್ನೊಂದರ ಆಸುಪಾಸಿನಲ್ಲಿ ಇಲೆವೆನ್ ಪ್ಲಸ್ ಪರೀಕ್ಷೆ ಬರೆದು ಗೆಲ್ಲಬೇಕು. ಇಡೀ ಇಂಗ್ಲೆಂಡಿನಲ್ಲಿ ಇಂಥವು 163 ಮಾತ್ರ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೂ ಇಲ್ಲ. 1998ರ ಕಾಯ್ದೆಯ ನಂತರ ಹೊಸದನ್ನು ತೆರೆಯುವಂತಿಲ್ಲ. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಶುಲ್ಕಕ್ಕೆ ಶೇ 20ರ ವ್ಯಾಟ್ ಸೇರಿದ ಮೇಲೆ ಇನ್ನಷ್ಟು ಮನೆಗಳು ಈ ಕಡೆ ನೋಡುತ್ತಿವೆ.

ನಮ್ಮೂರಿನಲ್ಲಿ ನವೋದಯ ಪರೀಕ್ಷೆಗೆ ಮಗು ಅದೇ ಜಿಲ್ಲೆಯಲ್ಲಿ ವಾಸವಿದ್ದು ಅಲ್ಲೇ ಐದನೇ ತರಗತಿ ಓದುತ್ತಿರಬೇಕು ಎಂಬ ನಿಯಮವಿದೆಯಲ್ಲ, ವಿಳಾಸದ ಮಾತು ಇಲ್ಲೂ ಹಾಗೆಯೇ ಬರುತ್ತದೆ. ವ್ಯತ್ಯಾಸ ಇಷ್ಟೆ: ಇಲ್ಲಿ ಪ್ರತಿ ಶಾಲೆಗೂ ತನ್ನದೇ ನಿಯಮ. ನಾವು ಮೊದಲು ಮನೆ ಹಿಡಿದೆವು, ನಿಯಮವನ್ನು ಆಮೇಲೆ ಓದಿದೆವು. ಮನೆಯ ಜಾಹೀರಾತಿನಲ್ಲಿ ಶಾಲೆಯ ಹೆಸರು ದಪ್ಪಕ್ಷರದಲ್ಲಿತ್ತು. ಶಾಲೆ ಆದ್ಯತೆ ಕೊಡುವ ಪ್ರದೇಶದ ಗಡಿ ಮಾತ್ರ ನಮ್ಮ ಬೀದಿಗೆ ಒಂದು ಬೀದಿ ಮುಂಚೆಯೇ ಮುಗಿದಿತ್ತು. ಹನ್ನೊಂದು ತಿಂಗಳಿಗೆ ಮತ್ತೆ ಡಬ್ಬ ಕಟ್ಟಿದೆವು. ಇನ್ನೊಬ್ಬರಿಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

1. ಶುರು ಮಗಳಿಂದ

ಮನೆಯ ವೆಬ್‌ಸೈಟು ತೆರೆಯುವ ಮುಂಚೆ ಒಂದು ಮಾದರಿ ಪತ್ರಿಕೆ ತೆರೆಯಿರಿ. ಬಹುತೇಕ ಕಡೆ ಪರೀಕ್ಷೆ ಸಿದ್ಧಪಡಿಸುವುದು ಜಿಎಲ್ ಅಸೆಸ್‌ಮೆಂಟ್. ಅವರ ಪರಿಚಯ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್, ಗಣಿತ, ಪದಗಳ ತರ್ಕ, ಆಕೃತಿಗಳ ತರ್ಕ: ಈ ನಾಲ್ಕರಲ್ಲಿ ಯಾವುದು ಎಷ್ಟು ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಮಗಳು ಆಗಸ್ಟಿನಲ್ಲಿ ಹುಟ್ಟಿ ತರಗತಿಗೇ ಚಿಕ್ಕವಳಾಗಿದ್ದರೆ ಚಿಂತೆ ಬೇಡ, ಅಂಕಗಳನ್ನು ವಯಸ್ಸಿಗೆ ತಕ್ಕಂತೆ ಸರಿದೂಗಿಸುತ್ತಾರೆ.

ಅವಳನ್ನು ಕೇಳಿ ಕೂಡ. ಇಯರ್ 5ರಲ್ಲಿ, ಅಂದರೆ ಒಂಬತ್ತು-ಹತ್ತರ ವಯಸ್ಸಿನಲ್ಲಿ, ಗೆಳತಿಯರನ್ನು ಬಿಟ್ಟು ಹೊಸ ಶಾಲೆಗೆ ಹೋಗುವವಳು ಅವಳು, ನಾವಲ್ಲ.

2. ಪ್ರವೇಶ ನಿಯಮವನ್ನು ಕೊನೆಯ ಸಾಲಿನವರೆಗೂ ಓದಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಶಾಲೆಯ ಜಾಲತಾಣದಲ್ಲಿ ಅಡ್ಮಿಷನ್ ಪಾಲಿಸಿ ಎಂಬ ಕಡತವಿರುತ್ತದೆ. ಮಗಳು ಸೇರುವ ವರ್ಷದ ಕಡತವನ್ನೇ ಓದಬೇಕು, ಈ ವರ್ಷದ್ದನ್ನಲ್ಲ. ಓದುವಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಪಾಸಾದವರು ಸೀಟಿಗಿಂತ ಹೆಚ್ಚಿದ್ದರೆ ಶಾಲೆ ಯಾರನ್ನು ಮೊದಲು ತೆಗೆದುಕೊಳ್ಳುತ್ತದೆ?

ಉತ್ತರ ಸ್ಥೂಲವಾಗಿ ಮೂರು ಬಗೆ. ಕೆಲವು ಶಾಲೆಗಳಲ್ಲಿ ರ‍್ಯಾಂಕೇ ಮುಖ್ಯ. ಉತ್ತರ ಲಂಡನ್ನಿನ ಹೆನ್ರಿಯೆಟ್ಟಾ ಬಾರ್ನೆಟ್ ಹೆಣ್ಣುಮಕ್ಕಳ ಶಾಲೆ ಆ ಸಾಲಿನದು, ಎರಡು ಸುತ್ತಿನ ಪರೀಕ್ಷೆ. ಇಂಥ ಶಾಲೆಗಾಗಿ ಪಕ್ಕದ ಬೀದಿಯಲ್ಲಿ ದುಬಾರಿ ಮನೆ ಹಿಡಿದರೆ ಸಿಗುವ ಲಾಭ ಪ್ರಯಾಣದ ಸಮಯ ಮಾತ್ರ. ಅಲ್ಲಿಗೆ ಬಹು ದೂರದಿಂದ ರೈಲಿನಲ್ಲಿ ಬರುವ ಹುಡುಗಿಯರಿದ್ದಾರೆ.

ಎರಡನೆಯ ಬಗೆಯಲ್ಲಿ ಅಂಕವೂ ಬೇಕು, ಗಡಿಯೊಳಗಿನ ವಿಳಾಸವೂ ಬೇಕು. ರೆಡಿಂಗ್‌ನ ಕೆಂಡ್ರಿಕ್, ಕಿಂಗ್‌ಸ್ಟನ್‌ನ ಟಿಫಿನ್ ಗರ್ಲ್ಸ್ ಗೊತ್ತುಮಾಡಿದ ಪ್ರದೇಶಗಳಿಗೆ ಆದ್ಯತೆ ಕೊಡುತ್ತವೆ. ಬರ್ಮಿಂಗ್‌ಹ್ಯಾಮ್‌ನ ಕಿಂಗ್ ಎಡ್ವರ್ಡ್ ಗ್ರಾಮರ್ ಶಾಲೆಗಳು ಕ್ಯಾಚ್‌ಮೆಂಟ್ (ಆದ್ಯತೆಯ ಪ್ರದೇಶ) ತಂದದ್ದು 2020ರ ಪ್ರವೇಶದಿಂದ. ಗಡಿ ಬಂದ ಮೇಲೆ ದೂರದಿಂದ ಬರುತ್ತಿದ್ದ ಎಷ್ಟೋ ಮನೆಗಳ ಲೆಕ್ಕವೇ ತಲೆಕೆಳಗಾಯಿತು. ಇಲ್ಲಿ ಮನೆ ಬದಲಿಸುವುದಕ್ಕೆ ನಿಜವಾದ ಅರ್ಥವಿದೆ, ಆದರೆ ಗಡಿಯನ್ನು ಅಂಚೆ ಕೋಡಿನ ಕೊನೆಯ ಅಕ್ಷರದವರೆಗೆ ನೋಡಬೇಕು.

ಮೂರನೆಯದು ಪಾಸಾದರೆ ಸಾಕು, ಆಮೇಲೆ ದೂರದ ಲೆಕ್ಕ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121 ಅಂಕ ಬಂದರೆ ಅರ್ಹತೆ. 121 ತೆಗೆದವಳೂ 140 ತೆಗೆದವಳೂ ಸಾಮಾನ್ಯವಾಗಿ ಒಂದೇ, ಯಾರ ಮನೆ ಕ್ಯಾಚ್‌ಮೆಂಟ್‌ನಲ್ಲಿದೆ, ಯಾರದು ಹತ್ತಿರ ಎಂಬುದು ತೀರ್ಮಾನಿಸುತ್ತದೆ. ಡಾ. ಚಾಲನರ್ಸ್ ಹೈ, ಬೀಕನ್ಸ್‌ಫೀಲ್ಡ್ ಹೈ, ವಿಕಂಬ್ ಹೈ, ಏಲ್ಸ್‌ಬರಿ ಹೈ ಅಲ್ಲಿನ ಹೆಣ್ಣುಮಕ್ಕಳ ಗ್ರಾಮರ್ ಶಾಲೆಗಳು. ಕೆಂಟ್‌ನಲ್ಲೂ ಬಹುಪಾಲು ಹೀಗೇ, ಕೆಲವು ಶಾಲೆಗಳು ಮಾತ್ರ ಅಂಕಕ್ಕೆ ಹೆಚ್ಚು ತೂಕ ಕೊಡುತ್ತವೆ.

ದೂರದ ವಿಷಯ ಬಂದಾಗ ಹಿಂದಿನ ವರ್ಷಗಳಲ್ಲಿ ಕೊನೆಯ ಸೀಟು ಎಷ್ಟು ದೂರದ ಮನೆಗೆ ಹೋಯಿತು ಎಂಬ ಅಂಕಿಯನ್ನು ಕೌನ್ಸಿಲ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಪಡೆಯಿರಿ. ಒಂದು ವರ್ಷದ್ದು ಸಾಲದು, ಮೂರ್ನಾಲ್ಕು ವರ್ಷಗಳದ್ದು ನೋಡಿ, ಅತಿ ಕಡಿಮೆ ಇರುವುದನ್ನು ನಂಬಿ. ಅಳತೆ ನೇರ ಗೆರೆಯದೋ ನಡೆಯುವ ದಾರಿಯದೋ ಎಂಬುದನ್ನೂ ಕೇಳಿ.

ನನ್ನ ಮಟ್ಟಿಗೆ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಅವಳಿಗೆ ಅಂಕ ಬರದಿದ್ದರೆ ಆ ಊರಿನಲ್ಲಿ ಯಾವ ಶಾಲೆ ಸಿಗುತ್ತದೆ? ಕೆಂಟ್‌ನಲ್ಲಿ ಗ್ರಾಮರ್‌ಗೆ ಯೋಗ್ಯರೆಂದು ಗುರುತಿಸಲಾಗುವುದು ಹೆಚ್ಚುಕಡಿಮೆ ಕಾಲು ಭಾಗದ ಮಕ್ಕಳನ್ನು. ಉಳಿದ ಮುಕ್ಕಾಲು ಭಾಗ ಬೇರೆ ಶಾಲೆಗಳಿಗೆ ಹೋಗುತ್ತದೆ. ಆ ಬೇರೆ ಶಾಲೆಗೆ ಒಂದು ಓಪನ್ ಡೇಯಲ್ಲಿ ಹೋಗಿ, ಮಕ್ಕಳ ಪುಸ್ತಕ ನೋಡಿ, ಶಿಕ್ಷಕರ ಜೊತೆ ಮಾತನಾಡಿ ಬನ್ನಿ. ಅಲ್ಲಿಗೆ ಮಗಳನ್ನು ಸಂತೋಷದಿಂದ ಕಳಿಸಬಲ್ಲೆವು ಅನಿಸದಿದ್ದರೆ ಆ ಊರಿಗೆ ಹೋಗಬೇಡಿ. ಬೆಳಗಿನ ಕೆಲವು ಗಂಟೆಗಳ ಪರೀಕ್ಷೆಗೆ ಇಡೀ ಮನೆಯನ್ನು ಒತ್ತೆ ಇಟ್ಟ ಭಾರ ಹತ್ತು ವರ್ಷದ ಮಗುವಿನ ಮೇಲೆ ಬೀಳುತ್ತದೆ. ಅವಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಊಟದ ತಟ್ಟೆಯ ಮುಂದೆ ಗೊತ್ತಾಗುತ್ತದೆ.

3. ದಿನಾಂಕಗಳನ್ನು ಹಿಂದಿನಿಂದ ಎಣಿಸಿ

2028ರ ಸೆಪ್ಟೆಂಬರಿನಲ್ಲಿ ಸೇರುವ ಹುಡುಗಿ, ಅಂದರೆ 2016ರ ಸೆಪ್ಟೆಂಬರ್ 1ರಿಂದ 2017ರ ಆಗಸ್ಟ್ 31ರೊಳಗೆ ಹುಟ್ಟಿದವಳು ಎಂದಿಟ್ಟುಕೊಳ್ಳಿ. ಸೀಟಿನ ಪತ್ರ ಬರುವುದು 2028ರ ಮಾರ್ಚ್ 1ಕ್ಕೆ. ಅರ್ಜಿಯ ಕೊನೆಯ ದಿನ 2027ರ ಅಕ್ಟೋಬರ್ 31. ಪರೀಕ್ಷೆ ಬಹುತೇಕ ಕಡೆ 2027ರ ಸೆಪ್ಟೆಂಬರಿನಲ್ಲಿ, ಇಯರ್ 6 ಶುರುವಾದ ಕೂಡಲೇ. ಪರೀಕ್ಷೆಗೆ ಹೆಸರು ಕೊಡುವುದು ಅದಕ್ಕೂ ಮುಂಚಿನ ಬೇಸಿಗೆಯಲ್ಲಿ. ಬಕಿಂಗ್‌ಹ್ಯಾಮ್‌ಶೈರ್‌ನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದುವ ಮಗುವಿನ ಹೆಸರು ತಾನಾಗಿ ಸೇರುತ್ತದೆ. ಕೆಂಟ್‌ನಲ್ಲಿ ಹಾಗಿಲ್ಲ, ಪೋಷಕರೇ ನೋಂದಾಯಿಸಬೇಕು. ಈ ದಿನ ತಪ್ಪಿಸಿಕೊಂಡವರಿಗೆ ಎಷ್ಟು ಒಳ್ಳೆಯ ಮನೆ ಇದ್ದರೂ ಪ್ರಯೋಜನವಿಲ್ಲ.

ಶಾಲೆಗಳು 2028ರ ನಿಯಮವನ್ನು 2027ರ ಫೆಬ್ರವರಿ 28ರೊಳಗೆ ಅಂತಿಮಗೊಳಿಸಿ ಮಾರ್ಚ್ 15ರೊಳಗೆ ಪ್ರಕಟಿಸಬೇಕು. ಬದಲಾವಣೆ ಮಾಡುವುದಿದ್ದರೆ ಅದರ ಹಿಂದಿನ ಅಕ್ಟೋಬರ್ 1ರಿಂದ ಜನವರಿ 31ರ ನಡುವೆ ಕನಿಷ್ಠ ಆರು ವಾರ ಜನರ ಅಭಿಪ್ರಾಯ ಕೇಳಬೇಕು. ಆದ್ದರಿಂದ ಚಳಿಗಾಲದಲ್ಲಿ ಶಾಲೆಯ ಪುಟವನ್ನು ಆಗಾಗ ನೋಡುತ್ತಿರಿ, ಮಾರ್ಚ್‌ನಲ್ಲಿ ನಿಯಮ ಕೈಗೆ ಬಂದ ಮೇಲೆ ಮನೆ ಹುಡುಕಿ, ಜುಲೈ-ಆಗಸ್ಟ್ ರಜೆಯಲ್ಲಿ ಸ್ಥಳಾಂತರ ಮುಗಿಸಿ. ವಿಳಾಸ ಯಾವ ದಿನಕ್ಕೆ ಲೆಕ್ಕ ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಸಂಶಯವಿದ್ದರೆ ಕೌನ್ಸಿಲ್‌ನ ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ, ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ ಕೇಳಿದ್ದು ಕೊನೆಗೆ ಸಾಕ್ಷಿಯಾಗುವುದಿಲ್ಲ.

4. ಬಾಡಿಗೆಯೋ, ಖರೀದಿಯೋ

ಮೊದಲು ಬಾಡಿಗೆಗೆ ಹೋಗಿ ಎನ್ನುತ್ತೇನೆ. ಇಂಗ್ಲೆಂಡಿನಲ್ಲಿ ಮನೆ ಮಾರುವವನು ನಿಮ್ಮ ಬೆಲೆಗೆ ಒಪ್ಪಿದ ಮಾತ್ರಕ್ಕೆ ವ್ಯವಹಾರ ಗಟ್ಟಿಯಲ್ಲ. ಒಪ್ಪಂದ ಪತ್ರಗಳ ವಿನಿಮಯ ಆಗುವವರೆಗೆ ಎರಡೂ ಕಡೆಯವರು ಹಿಂದೆ ಸರಿಯಬಹುದು. ಅಷ್ಟರಲ್ಲಿ ತಿಂಗಳುಗಳು ಕಳೆದು ಅಕ್ಟೋಬರ್ ಬಂದೇಬಿಡುತ್ತದೆ.

ಖರೀದಿಯೇ ಆದರೆ ಸ್ಟ್ಯಾಂಪ್ ಡ್ಯೂಟಿ ಲೆಕ್ಕ ಹಾಕಿ. 5 ಲಕ್ಷ ಪೌಂಡಿನ ಮನೆಗೆ ಈಗಿನ ದರದಲ್ಲಿ 15,000 ಪೌಂಡ್. ಹಳೆಯ ಮನೆ ಮಾರದೆ ಇದನ್ನು ಕೊಂಡರೆ ಪೂರ್ತಿ ಬೆಲೆಯ ಮೇಲೆ ಶೇ 5 ಹೆಚ್ಚುವರಿ, ಅಂದರೆ ಒಟ್ಟು 40,000. ಹಳೆಯ ವಾಸದ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಆ ಹೆಚ್ಚುವರಿಯನ್ನು ವಾಪಸ್ ಕೇಳಬಹುದು.

ಬಾಡಿಗೆಗೆ ಠೇವಣಿ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. 2026ರ ಮೇ 1ರಿಂದ ಹೊಸ ಬಾಡಿಗೆ ಕಾಯ್ದೆ ಬಂದ ಮೇಲೆ ಒಂದು ತಿಂಗಳಿಗಿಂತ ಹೆಚ್ಚಿನ ಮುಂಗಡ ಬಾಡಿಗೆಯನ್ನೂ ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದವರಿಗೆ ಇದು ನೆಮ್ಮದಿಯ ಸುದ್ದಿ. ವರ್ಷದ ಕರಾರಿನ ಜಾಗಕ್ಕೆ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ ಬಂದಿರುವುದರಿಂದ, ಯಾವ ಪತ್ರವನ್ನು ವಿಳಾಸದ ಪುರಾವೆಯಾಗಿ ಒಪ್ಪುತ್ತೀರಿ ಎಂದು ಕೌನ್ಸಿಲ್ ಅನ್ನೇ ಮೊದಲು ಕೇಳಿಬಿಡಿ.

5. ಕಾಗದಪತ್ರ: ವೀಸಾದವರು ಇಲ್ಲಿ ಎಚ್ಚರ

ಮನೆ ಸೇರಿದ ವಾರದಲ್ಲೇ ಕೌನ್ಸಿಲ್ ಟ್ಯಾಕ್ಸ್, ವಿದ್ಯುತ್, ನೀರು, ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್, ವೈದ್ಯರ ಕ್ಲಿನಿಕ್‌ನ ನೋಂದಣಿ ಎಲ್ಲವನ್ನೂ ಹೊಸ ವಿಳಾಸಕ್ಕೆ ಬದಲಿಸಿ. ಇ-ವೀಸಾ ಖಾತೆಯ ವಿಳಾಸವನ್ನೂ ಮರೆಯಬೇಡಿ.

ಮತದಾರರ ಪಟ್ಟಿ ನಮಗಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಮೇಲೆ ಇಲ್ಲಿ ವಾಸಿಸುವ ಭಾರತೀಯ ಪ್ರಜೆಯೂ ಇಲ್ಲಿ ಮತದಾರರಾಗಿ ನೋಂದಾಯಿಸಬಹುದು, ಆ ಪಟ್ಟಿಯಲ್ಲಿ ಹೆಸರಿದ್ದರೆ ವಿಳಾಸಕ್ಕೆ ಒಳ್ಳೆಯ ಪುರಾವೆ.

ಇದರ ಉಲ್ಟಾ ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳಿರುವ ಮನೆಗೆ ಸರ್ಕಾರ ಕೊಡುವ ಹಣ. ಕೆಲವು ಕೌನ್ಸಿಲ್‌ಗಳು ಪುರಾವೆಯಾಗಿ ಅದರ ಪತ್ರ ಕೇಳುತ್ತವೆ. ಸಾರ್ವಜನಿಕ ನಿಧಿ ಬಳಸುವಂತಿಲ್ಲ ಎಂಬ ಷರತ್ತಿನ ವೀಸಾ ಇದ್ದರೆ ಅದಕ್ಕೆ ಅರ್ಜಿಯನ್ನೇ ಹಾಕಬೇಡಿ, ವೀಸಾಕ್ಕೇ ತೊಂದರೆಯಾದೀತು. ನಮಗೆ ಅದಿಲ್ಲ ಎಂದು ಬರೆದು ಬೇರೆ ದಾಖಲೆ ಕೊಡಿ. ಸರ್ಕಾರಿ ಶಾಲೆಯ ಓದು ಮಾತ್ರ ಆ ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿಲ್ಲ. ಅವಲಂಬಿತ ವೀಸಾದಲ್ಲಿರುವ ಮಗಳು ಧೈರ್ಯವಾಗಿ ಗ್ರಾಮರ್ ಶಾಲೆಗೆ ಹೋಗಬಹುದು.

6. ವಿಳಾಸ ಅಂದರೆ ವಾಸ

ಹಳೆಯ ಮನೆ ಇಟ್ಟುಕೊಂಡು, ಶಾಲೆಯ ಪಕ್ಕ ಒಂದು ಸಣ್ಣ ಫ್ಲ್ಯಾಟ್ ಬಾಡಿಗೆಗೆ ಹಿಡಿದು ಅದರ ವಿಳಾಸ ಕೊಡುವ ಸಲಹೆ ನಿಮಗೂ ಬರುತ್ತದೆ. ದಯವಿಟ್ಟು ಕೇಳಬೇಡಿ. ಹತ್ತಿರದಲ್ಲೇ ಸ್ವಂತ ಮನೆಯಿದ್ದರೆ ಅದನ್ನೇ ವಿಳಾಸವೆಂದು ಹಲವು ಕೌನ್ಸಿಲ್‌ಗಳು ಹಿಡಿಯುತ್ತವೆ. ಸುಳ್ಳು ವಿಳಾಸದಿಂದ ಪಡೆದ ಸೀಟನ್ನು ಕೊಟ್ಟ ಮೇಲೂ ಹಿಂಪಡೆಯಲು ಸರ್ಕಾರದ ಪ್ರವೇಶ ಸಂಹಿತೆಯಲ್ಲಿ ಅವಕಾಶವಿದೆ. ಕೌನ್ಸಿಲ್‌ಗಳು ಇದನ್ನು ಎಷ್ಟು ಗಂಭೀರವಾಗಿ ಎಣಿಸಿವೆ ಎಂದರೆ, 2008ರಲ್ಲಿ ಪೂಲ್ ಎಂಬ ಊರಿನ ಕೌನ್ಸಿಲ್ ಒಂದು ಕುಟುಂಬದ ಮೇಲೆ ವಾರಗಟ್ಟಲೆ ಗುಟ್ಟಾಗಿ ಕಣ್ಣಿಟ್ಟಿತ್ತು. ಆ ಕುಟುಂಬ ಯಾವ ಸುಳ್ಳನ್ನೂ ಹೇಳಿರಲಿಲ್ಲ, ಕಣ್ಗಾವಲು ಕಾನೂನುಬಾಹಿರ ಎಂದು 2010ರಲ್ಲಿ ನ್ಯಾಯಮಂಡಳಿ ಹೇಳಿತು. ಆದರೆ ಪರಿಶೀಲನೆ ನಿಂತಿಲ್ಲ. ಶಾಲೆ ಸೇರಿದ ಮೇಲೆ ಸೀಟು ಹೋದರೆ ತರಗತಿಯಿಂದ ಎದ್ದು ಬರುವವಳು ಮಗಳು.

7. ಅರ್ಜಿ, ಮತ್ತು ಮಾರ್ಚ್ ನಂತರ

ಅರ್ಜಿ ಒಂದೇ, ಅದು ನೀವು ವಾಸಿಸುವ ಕೌನ್ಸಿಲ್‌ಗೆ. ಬೇರೆ ಕೌನ್ಸಿಲ್‌ನ ಶಾಲೆಯನ್ನೂ ಅದರಲ್ಲೇ ಬರೆಯಬೇಕು. ಲಂಡನ್‌ನಲ್ಲಿ ಆರು ಶಾಲೆ ಬರೆಯಬಹುದು. ನೀವು ಯಾವುದನ್ನು ಎಷ್ಟನೆಯದಾಗಿ ಬರೆದಿರಿ ಎಂಬುದರ ಮೇಲೆ ಶಾಲೆ ಆಯ್ಕೆ ಮಾಡುವಂತಿಲ್ಲ, ಹಾಗಾಗಿ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಕೊನೆಯ ಸಾಲಿನಲ್ಲಿ ಖಂಡಿತ ಸಿಗುವಂಥ ಹತ್ತಿರದ ಶಾಲೆಯೊಂದು ಇರಲಿ.

ಅನೇಕ ಕಡೆ ಪರೀಕ್ಷೆಯ ಫಲಿತಾಂಶ ಅಕ್ಟೋಬರ್ ಮಧ್ಯದಲ್ಲಿ ಬರುತ್ತದೆ, ಅರ್ಜಿಗೆ ಎರಡು ವಾರ ಉಳಿದಿರುತ್ತದೆ. ಪಾಸು ಎಂಬ ಪತ್ರವನ್ನು ಸೀಟಿನ ಪತ್ರವೆಂದು ತಿಳಿದು ಊರಿಗೆಲ್ಲ ಫೋನು ಮಾಡಬೇಡಿ, ಸೀಟು ಮಾರ್ಚ್‌ನಲ್ಲೇ ತಿಳಿಯುವುದು.

ಮಾರ್ಚ್ 1ರಂದು ಬಯಸಿದ ಶಾಲೆ ಸಿಗದಿದ್ದರೂ ಬಂದ ಸೀಟನ್ನು ಒಪ್ಪಿಕೊಳ್ಳಿ, ಒಪ್ಪಿದ್ದರಿಂದ ಕಾಯುವ ಪಟ್ಟಿಯಲ್ಲಿನ ನಿಮ್ಮ ಜಾಗ ಹೋಗುವುದಿಲ್ಲ. ಮೇಲ್ಮನವಿಗೂ ದಾರಿಯಿದೆ. ಕೆಲವರು ಖಾಸಗಿ ಶಾಲೆಗೆ ಹೋಗುತ್ತಾರೆ, ಕೆಲವರು ಊರು ಬಿಡುತ್ತಾರೆ, ಪಟ್ಟಿ ಬೇಸಿಗೆಯುದ್ದಕ್ಕೂ ಸರಿಯುತ್ತಿರುತ್ತದೆ. ಶಾಲೆ ಆ ಪಟ್ಟಿಯನ್ನು ಸೇರುವ ವರ್ಷದ ಡಿಸೆಂಬರ್ 31ರವರೆಗಾದರೂ ಇಟ್ಟುಕೊಳ್ಳಲೇಬೇಕು. ಅಲ್ಲಿಯವರೆಗೆ ಆ ಮನೆಯನ್ನು ಬಿಡಬೇಡಿ, ಫೋನ್ ನಂಬರನ್ನೂ ಬದಲಿಸಬೇಡಿ.