ಕ್ರಿಪ್ಟೊ ವ್ಯವಹಾರ: ನಿಮ್ಮ ಜಾತಕ ಬಯಲಾಗದಂತೆ ನೋಡಿಕೊಳ್ಳುವುದು ಹೇಗೆ?

ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸಿದರೆ ಯಾರಿಗೂ ಸುಳಿವು ಸಿಗುವುದಿಲ್ಲ ಎಂದು ನಂಬಿದವರು ಇನ್ನೂ ಬಹಳ ಮಂದಿ ಇದ್ದಾರೆ. ವಸ್ತುಸ್ಥಿತಿ ತದ್ವಿರುದ್ಧ. 2010ರ ಮೇ 22ರಂದು ಅಮೆರಿಕದ ಲಾಸ್ಲೊ ಹಾನ್ಯೆಟ್ಸ್ ತಮಗೆ ಎರಡು ಪಿಜ್ಜಾ ತರಿಸಿಕೊಟ್ಟವರಿಗೆ 10,000 ಬಿಟ್‌ಕಾಯಿನ್ ಕೊಟ್ಟರು. ಬ್ಲಾಕ್‌ಚೈನ್ ಎಂಬ ಬಹಿರಂಗ ಲೆಕ್ಕದ ಪುಸ್ತಕದಲ್ಲಿ ಆ ವ್ಯವಹಾರವನ್ನು ಇವತ್ತಿಗೂ ಯಾರು ಬೇಕಾದರೂ ತೆರೆದು ನೋಡಬಹುದು. ಯಾವ ವಿಳಾಸದಿಂದ (ಬ್ಯಾಂಕ್ ಖಾತೆ ಸಂಖ್ಯೆಯ ಹಾಗೆ ಹಣ ಪಡೆಯಲು ಬಳಸುವ ಅಕ್ಷರ-ಅಂಕಿಗಳ ಸಾಲು) ಹೊರಟಿತು, ಯಾವುದಕ್ಕೆ ಸೇರಿತು, ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಎಲ್ಲವೂ ಅಲ್ಲಿದೆ.

ಮೊತ್ತ, ಸಮಯ, ವಿಳಾಸ ಎಲ್ಲರಿಗೂ ಕಾಣುತ್ತವೆ. ಹೆಸರು ಮಾತ್ರ ಕಾಣುವುದಿಲ್ಲ. ಹಾಗಾಗಿ ಖಾಸಗಿತನ ಕಾಪಾಡುವುದೆಂದರೆ ಹೆಸರು ವಿಳಾಸಕ್ಕೆ ಅಂಟದಂತೆ ನೋಡಿಕೊಳ್ಳುವುದು. ಎಲ್ಲೋ ಒಂದು ಕಡೆ ಅಂಟಿಯೇ ಅಂಟುತ್ತದೆ. ಅದು ಉಳಿದ ಹಣಕ್ಕೆಲ್ಲ ಹರಡದಂತೆ ತಡೆಯುವುದೇ ನಿಜವಾದ ಕೆಲಸ.

ಮೊದಲು ಯಾರಿಂದ ಮರೆಮಾಡಬೇಕು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ. ನೀವು ಹಣ ಕೊಟ್ಟ ಅಂಗಡಿಯವರಿಗೆ ನಿಮ್ಮ ಉಳಿತಾಯ ತಿಳಿಯಬಾರದು, ಸಂಬಳ ಕೊಡುವವರಿಗೆ ನಿಮ್ಮ ಖರ್ಚು ಕಾಣಬಾರದು, ಕಳ್ಳರ ಕಣ್ಣು ನಿಮ್ಮ ಮೇಲೆ ಬೀಳಬಾರದು. ಇವೆಲ್ಲ ನ್ಯಾಯವಾದ ಕಾರಣಗಳು. ತೆರಿಗೆ ಇಲಾಖೆಯಿಂದ ತಪ್ಪಿಸಿಕೊಳ್ಳುವುದು ಬೇರೆಯೇ ವಿಷಯ, ಅದಕ್ಕೆ ಈ ಲೇಖನ ಒದಗುವುದಿಲ್ಲ.

ಪ್ರತಿ ಸಲಕ್ಕೂ ಹೊಸ ವಿಳಾಸ

ಇದು ಎಲ್ಲಕ್ಕಿಂತ ಹಳೆಯ ಸಲಹೆ. ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಾಕಾಮೊಟೊ 2008ರಲ್ಲಿ ಹೊರತಂದ ಬಿಟ್‌ಕಾಯಿನ್ ಪ್ರಬಂಧದಲ್ಲೇ ಪ್ರತಿ ವ್ಯವಹಾರಕ್ಕೂ ಹೊಸ ಕೀ ಜೋಡಿ, ಅಂದರೆ ಹೊಸ ವಿಳಾಸ, ಬಳಸಬೇಕೆಂದು ಬರೆದಿದ್ದಾರೆ. ಈಗಿನ ವಾಲೆಟ್‌ಗಳು (ಕ್ರಿಪ್ಟೊ ಪಡೆಯುವ, ಕಳಿಸುವ ಆ್ಯಪ್‌ಗಳು) ಒಂದೇ ಸೀಡ್‌ನಿಂದ, ಅಂದರೆ ನೀವು ಬರೆದಿಟ್ಟುಕೊಂಡ 12 ಅಥವಾ 24 ಪದಗಳಿಂದ, ಬೇಕಾದಷ್ಟು ವಿಳಾಸ ಹುಟ್ಟಿಸುತ್ತವೆ. ‘ರಿಸೀವ್’ ಒತ್ತಿದಾಗ ಬಂದ ವಿಳಾಸವನ್ನು ಒಬ್ಬರಿಗೆ ಒಂದು ಸಲ ಮಾತ್ರ ಕೊಡಿ. ಹಳೆಯವೂ ಕೆಲಸ ಮಾಡುತ್ತಲೇ ಇರುತ್ತವೆ, ಹಣ ಕಳೆದುಹೋಗುವ ಭಯ ಬೇಡ. ದೇಣಿಗೆಗೆಂದು ವಿಳಾಸವನ್ನು ಬಹಿರಂಗವಾಗಿ ಹಾಕಲೇಬೇಕಾದರೆ ಅದಕ್ಕೊಂದು ಪ್ರತ್ಯೇಕ ವಾಲೆಟ್ ಇರಲಿ.

ಎಕ್ಸ್‌ಪಬ್ ಎಂಬ ಉದ್ದನೆಯ ಸಾಲೊಂದು ವಾಲೆಟ್‌ನ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಅದು ಸಿಕ್ಕವರು ನಿಮ್ಮ ಹಣ ತೆಗೆಯಲಾರರು, ಆದರೆ ಆ ಖಾತೆಯ ಹಿಂದಿನ ಮತ್ತು ಮುಂದಿನ ಎಲ್ಲ ವಿಳಾಸಗಳನ್ನೂ ನೋಡಬಲ್ಲರು. ಲೆಕ್ಕ ನೋಡಿಕೊಳ್ಳುವ ಯಾವುದೋ ಆ್ಯಪ್ ಕೇಳಿತೆಂದು ಅದನ್ನು ಕೊಟ್ಟುಬಿಡಬೇಡಿ.

ಚಿಲ್ಲರೆಯಲ್ಲೇ ಗುಟ್ಟು ರಟ್ಟಾಗುವುದು

ಹೊಸ ವಿಳಾಸ ಬಳಸಿದ್ದೇವೆಂದು ನೆಮ್ಮದಿಯಾಗಿರುವವರು ಎಡವುವುದು ಇಲ್ಲೇ. ಬಿಟ್‌ಕಾಯಿನ್ ವಾಲೆಟ್‌ನಲ್ಲಿ ಇರುವುದು ಒಂದು ಮೊತ್ತವಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಬಂದ ಬಿಡಿ ತುಂಡುಗಳು. ಪರ್ಸ್‌ನಲ್ಲಿರುವ ನೋಟುಗಳ ಹಾಗೆ, ದೊಡ್ಡದನ್ನು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ.

ಸಂಬಳವಾಗಿ ಬಂದ 0.5 ಬಿಟ್‌ಕಾಯಿನ್‌ನ ಒಂದು ತುಂಡು ನಿಮ್ಮಲ್ಲಿದೆ ಎನ್ನಿ. ವ್ಯಾಪಾರಿಗೆ 0.03 ಕೊಡುತ್ತೀರಿ. ವಾಲೆಟ್ ಇಡೀ ತುಂಡನ್ನು ಒಡೆದು 0.03 ಅವರಿಗೆ ಕಳಿಸಿ, ಶುಲ್ಕ ಕಳೆದು ಉಳಿದ ಸುಮಾರು 0.4699 ಅನ್ನು ನಿಮ್ಮದೇ ಹೊಸ ವಿಳಾಸಕ್ಕೆ ಹಾಕುತ್ತದೆ. ವ್ಯಾಪಾರಿ ಆ ವ್ಯವಹಾರ ತೆರೆದು ನೋಡಿದರೆ ಸಾಕು: 0.03 ನನಗೆ ಬಂತು, ಉಳಿದದ್ದು ಗಿರಾಕಿಯದ್ದು. ಇನ್ನು ಆ ಚಿಲ್ಲರೆ ಎಲ್ಲಿಗೆ ಹೋದರೂ ಅವರು ಹಿಂಬಾಲಿಸಬಹುದು. ವ್ಯಾಪಾರದ ಹೊರಗಿರುವವರೂ ಊಹಿಸಬಲ್ಲರು. ದುಂಡಾದ ಮೊತ್ತ ಪಾವತಿ, ಗೀಚುಗೀಚಾದ ಮೊತ್ತ ಚಿಲ್ಲರೆ ಎಂಬುದು ಜಾಡು ಹಿಡಿಯುವವರ ಮೊದಲ ಲೆಕ್ಕಾಚಾರ.

ಇದಕ್ಕಿಂತ ಕೆಟ್ಟದ್ದು ತುಂಡುಗಳ ಜೋಡಣೆ. ಸಂಬಳದಿಂದ 0.02 ಇದೆ, ಹಳೆಯ ಕ್ಯಾಮೆರಾ ಮಾರಿದ್ದರಿಂದ 0.02 ಇದೆ. 0.03 ಕೊಡಬೇಕಾದಾಗ ವಾಲೆಟ್ ನಿಮ್ಮನ್ನು ಕೇಳದೆ ಎರಡನ್ನೂ ಒಟ್ಟಿಗೆ ಖರ್ಚು ಮಾಡುತ್ತದೆ. ಒಂದೇ ವ್ಯವಹಾರದಲ್ಲಿ ಸೇರಿದ ತುಂಡುಗಳಿಗೆ ಒಡೆಯ ಒಬ್ಬನೇ ಎಂದು ಯಾರಾದರೂ ಊಹಿಸುತ್ತಾರೆ. ಸತೋಶಿ ಈ ಅಪಾಯವನ್ನೂ ಅದೇ ಪ್ರಬಂಧದಲ್ಲಿ ಹೇಳಿದ್ದಾರೆ. ಒಂದು ತುಂಡಿಗೆ ಹೆಸರು ಅಂಟಿದ್ದರೆ ಇನ್ನೊಂದಕ್ಕೂ ಅಂಟಿತು. ಬ್ಲಾಕ್‌ಚೈನ್‌ನಲ್ಲಿ ಅಳಿಸುವ ಮಾತೇ ಇಲ್ಲ.

ಪರಿಹಾರ ‘ಕಾಯಿನ್ ಕಂಟ್ರೋಲ್’. ಸ್ಪ್ಯಾರೋ, ಎಲೆಕ್ಟ್ರಮ್, ಬಿಟ್‌ಕಾಯಿನ್ ಕೋರ್ ವಾಲೆಟ್‌ಗಳಲ್ಲಿ ಇದಿದೆ; ಕೋರ್‌ನಲ್ಲಿ ಸೆಟ್ಟಿಂಗ್‌ಗೆ ಹೋಗಿ ಚಾಲೂ ಮಾಡಿಕೊಳ್ಳಬೇಕು. ಹಣ ಬಂದ ತಕ್ಷಣ ‘ಸಂಬಳ’, ‘ಕ್ಯಾಮೆರಾ’ ಎಂದು ಲೇಬಲ್ ಬರೆಯಿರಿ. ಕಳಿಸುವಾಗ ಯಾವ ತುಂಡು ಎಂದು ನೀವೇ ಆರಿಸಿ. ಸಣ್ಣ ಪಾವತಿಗೆ ಸಣ್ಣ ತುಂಡು. ಬೇರೆ ಮೂಲದವು ಬೆರೆಯಬಾರದು. ಮೊತ್ತಕ್ಕೆ ಸರಿಹೊಂದುವ ತುಂಡು ಸಿಕ್ಕರಂತೂ ಚಿಲ್ಲರೆಯೇ ಇರುವುದಿಲ್ಲ, ಅದಕ್ಕಿಂತ ಒಳ್ಳೆಯದಿಲ್ಲ. ಈ ಸೌಲಭ್ಯವಿಲ್ಲದ ಮೊಬೈಲ್ ವಾಲೆಟ್ ಆದರೆ ಸಂಬಳಕ್ಕೊಂದು, ಉಳಿತಾಯಕ್ಕೊಂದು, ಖರ್ಚಿಗೊಂದು ವಾಲೆಟ್ ಇಟ್ಟುಕೊಳ್ಳಿ. ಈ ಅಭ್ಯಾಸ ಒಂದನ್ನೇ ರೂಢಿಸಿಕೊಂಡವರು ದುಬಾರಿ ಉಪಕರಣ ಕೊಂಡವರಿಗಿಂತ ಸುರಕ್ಷಿತವಾಗಿರುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಅಪರಿಚಿತ ಮೂಲದಿಂದ ಕೆಲವು ನೂರು ಸತೋಶಿ ಬಂದು ಬಿದ್ದರೆ (10 ಕೋಟಿ ಸತೋಶಿಗೆ ಒಂದು ಬಿಟ್‌ಕಾಯಿನ್) ಖುಷಿಪಡಬೇಡಿ. ನೀವು ಅದನ್ನು ಉಳಿದ ತುಂಡುಗಳೊಂದಿಗೆ ಖರ್ಚು ಮಾಡಲಿ ಎಂದೇ ಯಾರೋ ಎಸೆದ ಕಾಳಿರಬಹುದು. ಅದು ಖರ್ಚಾಗದಂತೆ ವಾಲೆಟ್‌ನಲ್ಲಿ ‘ಫ್ರೀಜ್’ ಮಾಡಿ ಮರೆತುಬಿಡಿ.

ಎಕ್ಸ್‌ಚೇಂಜ್‌ಗೆ ಗೊತ್ತಿರುವುದು

ಕೆವೈಸಿ ಮಾಡಿಸಿದ ಎಕ್ಸ್‌ಚೇಂಜ್‌ಗೆ, ಅಂದರೆ ಕ್ರಿಪ್ಟೊ ಕೊಂಡು ಮಾರುವ ತಾಣಕ್ಕೆ, ನಿಮ್ಮ ಹೆಸರು, ಫೋಟೊ, ಬ್ಯಾಂಕ್ ಖಾತೆ ಎಲ್ಲ ಗೊತ್ತು. ನೀವು ಹಣ ತೆಗೆದುಕೊಂಡ ವಿಳಾಸವೂ ಗೊತ್ತು. ಆ ತುಂಡು ಹೆಸರು ಅಂಟಿದ ತುಂಡು ಎಂದೇ ಲೆಕ್ಕವಿಡಿ. ಎಕ್ಸ್‌ಚೇಂಜ್‌ನಿಂದಲೇ ನೇರವಾಗಿ ಇನ್ನೊಬ್ಬರಿಗೆ ಕಳಿಸಿದರೆ ಸಾಮಾನ್ಯವಾಗಿ ಪಡೆದವರಿಗೆ ಕಾಣುವುದು ಎಕ್ಸ್‌ಚೇಂಜ್‌ನ ವಿಳಾಸವೇ ಹೊರತು ನಿಮ್ಮ ಉಳಿತಾಯವಲ್ಲ. ಆದರೆ ಯಾವ ವಿಳಾಸಕ್ಕೆ ಎಷ್ಟು ಕೊಟ್ಟಿರಿ ಎಂಬುದು ಎಕ್ಸ್‌ಚೇಂಜ್‌ನ ಕಡತದಲ್ಲಿ ಉಳಿಯುತ್ತದೆ. ಯಾರಿಂದ ಮರೆಮಾಡಬೇಕು ಎಂಬ ಮೊದಲ ಪ್ರಶ್ನೆಗೆ ನಿಮ್ಮ ಉತ್ತರವೇನೋ ಅದರ ಮೇಲೆ ನಿರ್ಧರಿಸಿ.

ಕಡತಗಳು ಸೋರುತ್ತವೆ. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ (ಕ್ರಿಪ್ಟೊ ಕೀಗಳನ್ನು ಭದ್ರವಾಗಿಡುವ ಉಪಕರಣ) ಮಾರುವ ಲೆಡ್ಜರ್ ಕಂಪನಿಯ ಗ್ರಾಹಕರ ಮಾಹಿತಿ ಸೋರಿತು. 2 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರು, ಮನೆ ವಿಳಾಸ, ಫೋನ್ ನಂಬರ್ ಹೊರಬಿದ್ದವು. ಬಳಿಕ ಕೆಲವರಿಗೆ ಅಂಚೆಯಲ್ಲಿ ನಕಲಿ ಉಪಕರಣಗಳೇ ಬಂದವು. ವಾಲೆಟ್ ಉಪಕರಣ ಕೊಳ್ಳುವಾಗ ಬೇರೆ ಇಮೇಲ್ ಕೊಡಿ, ಸಾಧ್ಯವಿದ್ದರೆ ಮನೆಗೆ ತರಿಸಿಕೊಳ್ಳಬೇಡಿ.

ವಾಲೆಟ್ ಯಾರೊಂದಿಗೆ ಮಾತಾಡುತ್ತಿದೆ?

ಉಳಿದಿರುವ ಹಣ ಎಷ್ಟೆಂದು ತೋರಿಸಲು ಬಹುತೇಕ ಮೊಬೈಲ್ ವಾಲೆಟ್‌ಗಳು ಯಾರದೋ ಸರ್ವರ್ ಅನ್ನು ಕೇಳುತ್ತವೆ. ಆ ಸರ್ವರ್‌ಗೆ ನಿಮ್ಮ ವಿಳಾಸಗಳ ಗುಂಪು, ಇಂಟರ್‌ನೆಟ್ ಸಂಪರ್ಕದ ಗುರುತಾದ ಐಪಿ ಎರಡೂ ಒಟ್ಟಿಗೆ ಸಿಗುತ್ತವೆ. ವಿಳಾಸಗಳನ್ನು ನೀವು ಎಷ್ಟೇ ಜತನದಿಂದ ಬೇರೆ ಮಾಡಿದ್ದರೂ ಇಲ್ಲಿ ಒಂದೇ ಪಟ್ಟಿಯಾಗಿಬಿಡುತ್ತವೆ. ಸ್ವಂತ ನೋಡ್ (ಬ್ಲಾಕ್‌ಚೈನ್ ಅನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಪರಿಶೀಲಿಸುವ ತಂತ್ರಾಂಶ) ನಡೆಸುವುದು ಉತ್ತಮ ದಾರಿ. ಡಿಸ್ಕ್‌ನಲ್ಲಿ ಜಾಗ ಕಮ್ಮಿಯಿದ್ದರೆ ಹಳೆಯ ಬ್ಲಾಕ್‌ಗಳನ್ನು ಅಳಿಸಿ ಜಾಗ ಉಳಿಸುವ ಬಿಟ್‌ಕಾಯಿನ್ ಕೋರ್‌ನ ‘ಪ್ರೂನ್’ ಆಯ್ಕೆಯಿದೆ. ಅದಾಗದಿದ್ದರೆ ವಾಲೆಟ್‌ನಲ್ಲಿ ಐಪಿ ಮರೆಮಾಡುವ ಟಾರ್ ಚಾಲೂ ಮಾಡಿ. ವಿಪಿಎನ್ ಹಾಕಿದರೆ ನಂಬಿಕೆ ಸರ್ವರ್‌ನಿಂದ ವಿಪಿಎನ್ ಕಂಪನಿಗೆ ವರ್ಗವಾಗುತ್ತದೆ, ಅಷ್ಟೇ. ವ್ಯವಹಾರಗಳನ್ನು ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ತಾಣದಲ್ಲಿ ನಿಮ್ಮದೇ ವಿಳಾಸ ಹುಡುಕುವುದೂ ಸುಳಿವು ಬಿಟ್ಟುಕೊಟ್ಟಂತೆಯೇ.

ಇಥೀರಿಯಂ ಬಳಸುವವರಿಗೆ

ಇದು ಬಿಟ್‌ಕಾಯಿನ್‌ನಂಥ ಇನ್ನೊಂದು ಕ್ರಿಪ್ಟೊ ಜಾಲ. ಇಲ್ಲಿ ತುಂಡುಗಳಿಲ್ಲ, ಖಾತೆಯಿದೆ. ಒಂದೇ ವಿಳಾಸದಲ್ಲಿ ಉಳಿದಿರುವ ಹಣ, ಟೋಕನ್, ಎನ್‌ಎಫ್‌ಟಿ ಎಂಬ ಡಿಜಿಟಲ್ ಒಡೆತನದ ಪತ್ರ ಎಲ್ಲ ಬಹಿರಂಗ. ಅದಕ್ಕೆ ವಿಳಾಸದ ಬದಲು ಬಳಸುವ ‘ಡಾಟ್ ಇಟಿಎಚ್’ ಹೆಸರನ್ನು ಬೇರೆ ತಗುಲಿಸಿಕೊಂಡರೆ ಹುಡುಕುವವರ ಕೆಲಸ ನೀವೇ ಮುಗಿಸಿಕೊಟ್ಟಂತೆ. ಉಳಿತಾಯದ ಖಾತೆ, ಓಡಾಟದ ಖಾತೆ ಬೇರೆ ಇರಲಿ. ಒಂದರಿಂದ ಇನ್ನೊಂದಕ್ಕೆ ಗ್ಯಾಸ್ ಎಂಬ ವ್ಯವಹಾರ ಶುಲ್ಕಕ್ಕೆಂದು ಚೂರು ಕಳಿಸಿದರೂ ಎರಡೂ ಬೆಸೆದುಕೊಳ್ಳುತ್ತವೆ. ಹಳೆಯ ವ್ಯವಹಾರದ ಪಟ್ಟಿಯಿಂದ ವಿಳಾಸ ನಕಲು ಮಾಡಲೇಬೇಡಿ. ಮೊದಲ ಮತ್ತು ಕೊನೆಯ ಅಕ್ಷರಗಳು ಒಂದೇ ಇರುವ ನಕಲಿ ವಿಳಾಸವನ್ನು ಅಲ್ಲಿ ತೂರಿಸುವ ವಂಚಕರಿದ್ದಾರೆ.

ಮೊನೆರೊ, ಮಿಕ್ಸರ್ ವಗೈರೆ

2014ರಲ್ಲಿ ಶುರುವಾದ ಮೊನೆರೊ ಎಂಬ ಕ್ರಿಪ್ಟೊ, ಕಳಿಸುವವರು, ಪಡೆಯುವವರು, ಮೊತ್ತ ಮೂರನ್ನೂ ಮರೆಮಾಡುವಂತೆ ಕಟ್ಟಿದ ವ್ಯವಸ್ಥೆ. ಝಡ್‌ಕ್ಯಾಶ್ ಎಂಬ ಇನ್ನೊಂದು ಕ್ರಿಪ್ಟೊದಲ್ಲಿ ‘ಶೀಲ್ಡೆಡ್’ ವಿಳಾಸ ಬಳಸಿದರೆ ಮಾತ್ರ ಗೌಪ್ಯತೆ, ಇಲ್ಲವಾದರೆ ಬಿಟ್‌ಕಾಯಿನ್‌ನಷ್ಟೇ ಬಯಲು. ಹಲವರ ಹಣ ಬೆರೆಸಿ ಜಾಡು ತಪ್ಪಿಸುವ ಮಿಕ್ಸರ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಟೊರ್ನೇಡೊ ಕ್ಯಾಶ್ ಎಂಬ ಮಿಕ್ಸರ್ ಮೇಲೆ ಅಮೆರಿಕ 2022ರ ಆಗಸ್ಟ್‌ನಲ್ಲಿ ನಿರ್ಬಂಧ ಹೇರಿ 2025ರ ಮಾರ್ಚ್‌ನಲ್ಲಿ ತೆಗೆಯಿತು. ಕಾನೂನು ಹೀಗೆ ಅತ್ತಿತ್ತ ವಾಲಾಡುತ್ತಿರುವಾಗ ಮಿಕ್ಸರ್ ಮೂಲಕ ಬಂದ ಹಣವನ್ನು ಎಕ್ಸ್‌ಚೇಂಜ್‌ಗಳು ತಡೆಹಿಡಿಯುವುದುಂಟು. ನಿಮ್ಮ ದೇಶದ ನಿಯಮ ತಿಳಿಯದೆ ಆ ಕಡೆ ಹೋಗಬೇಡಿ.

ತೆರಿಗೆಗೆ ಲೆಕ್ಕ ಒಪ್ಪಿಸಬೇಕಾದ್ದರಿಂದ ಎಲ್ಲ ವ್ಯವಹಾರಗಳ ದಾಖಲೆ ನಿಮ್ಮ ಬಳಿ ಇರಲೇಬೇಕು. ತುಂಡುಗಳಿಗೆ ಬರೆದ ಲೇಬಲ್‌ಗಳನ್ನು ಸ್ಪ್ಯಾರೋದಂಥ ವಾಲೆಟ್‌ಗಳಿಂದ ಕಡತವಾಗಿ ಹೊರತೆಗೆಯಬಹುದು. ಇಷ್ಟೆಲ್ಲ ಮಾಡಿ ಮುಚ್ಚಿಟ್ಟದ್ದು ಒಂದೇ ಕಡೆ ಸಿಗುವುದು ಆ ಕಡತದಲ್ಲೇ. ಅದನ್ನು ಎನ್‌ಕ್ರಿಪ್ಟ್ ಮಾಡಿ ನಿಮ್ಮ ಪೆನ್‌ಡ್ರೈವ್‌ನಲ್ಲಿಡಿ, ಇಮೇಲ್‌ನಲ್ಲಾಗಲಿ ಕ್ಲೌಡ್‌ನಲ್ಲಾಗಲಿ ಬೇಡ.