ಸೋಲಾರ್ ಇದ್ದರೂ ಕರೆಂಟ್ ಬಿಲ್ ಜಾಸ್ತಿ: ಸರಿಮಾಡಿದ್ದು ಹೀಗೆ

ಬೆಂಗಳೂರಿನ ನಮ್ಮ ಮನೆ ತಾರಸಿಯಲ್ಲಿ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಕರೆಂಟಿನಲ್ಲಿ ನೀರು ಕಾಯಿಸುವ 2 ಕಿಲೋವ್ಯಾಟ್ ಕಾಯಿಲ್. ಒಳ್ಳೆ ಬಿಸಿಲಿದ್ದರೂ ಬಿಲ್ ಇಳಿಯುತ್ತಿರಲಿಲ್ಲ.

ನೀರಿನ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರನ್ನು ಥರ್ಮೋಸ್ಟಾಟ್ (ನಿಗದಿತ ಬಿಸಿಗೆ ತಕ್ಕಂತೆ ಕಾಯಿಲನ್ನು ತಾನೇ ಆನ್-ಆಫ್ ಮಾಡುವ ಸ್ವಿಚ್) ಪಕ್ಕ ಇಳಿಸಿ, ಇಎಸ್‌ಪಿ8266 ಎಂಬ ಪುಟ್ಟ ವೈಫೈ ಬೋರ್ಡಿಗೆ ಜೋಡಿಸಿದೆ. ಗ್ರಾಫ್ ನೋಡಿದ ಮೇಲೆ ಗುಟ್ಟು ಗೊತ್ತಾಯಿತು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದಾಗ ಟ್ಯಾಂಕಿಗೆ ತಣ್ಣೀರು ತುಂಬುತ್ತದೆ. ಸೂರ್ಯ ಮೇಲೇರುವ ಮೊದಲೇ ಥರ್ಮೋಸ್ಟಾಟ್ ಅದನ್ನು 60 ಡಿಗ್ರಿಗೆ ಕಾಯಿಸಿಬಿಡುತ್ತಿತ್ತು. ಆಮೇಲೆ ಬಿಸಿಲು ಬಂದು ಏನು ಪ್ರಯೋಜನ, ಅಲ್ವಾ?

ಈಗ ಅದೇ ಬೋರ್ಡ್ ಕಾಯಿಲ್‌ಗೆ ಬೆಳಗಿನ ಜಾವ 4ರಿಂದ 6ರವರೆಗೆ ಮಾತ್ರ ಅನುಮತಿ ಕೊಡುತ್ತದೆ. ಅದೂ ನೀರು 45 ಡಿಗ್ರಿಗಿಂತ ಕಡಿಮೆ ಇದ್ದರೆ. ಟ್ಯಾಂಕಿನ ನೀರು 30ರಿಂದ 45ಕ್ಕೆ ಏರಲು ಸುಮಾರು ಮೂರೂವರೆ ಯೂನಿಟ್ ಬೇಕು, ಎರಡು ಗಂಟೆ ಸಾಕು.

ಕಾಯಿಲ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಬೋರ್ಡ್ ಹೇಳಿದಂತೆ ಕರೆಂಟ್ ಆನ್-ಆಫ್ ಮಾಡುವ ಚಿಕ್ಕ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿದ್ದರೂ ನಾನಂತೂ ನಂಬಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ 25 ಆಂಪಿಯರ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ರಿಲೇ) ಹಾಕಿಸಿದೆ. ಹಳೆ ಥರ್ಮೋಸ್ಟಾಟನ್ನು ಮಾತ್ರ ತೆಗೆಯಬೇಡಿ. ಬೋರ್ಡ್ ಕೈಕೊಟ್ಟರೆ ನೀರು ಕುದಿಯದಂತೆ ತಡೆಯುವುದು ಅದೇ.