ಚಟ್ನಿಪುಡಿ ಅರ್ಧ ಕೆಜಿ, ಅಂಚೆ ಖರ್ಚು ಒಂದು ಕೆಜಿಗೆ!

ಮನೆಯಿಂದ ತಿಂಡಿ, ಪುಡಿ ಕಳಿಸುವವರಿಗೆ ನನ್ನ ಅನುಭವದ ಒಂದು ಮಾತು. ನಾನು ಶೇಂಗಾ ಚಟ್ನಿಪುಡಿಯನ್ನು ಅರ್ಧ ಕೆಜಿ ಪ್ಯಾಕೆಟ್ ಮಾಡಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೆ. ರಟ್ಟಿನ ಡಬ್ಬ, ಟೇಪು ಸೇರಿ ತೂಕ 590 ಗ್ರಾಂ. 500 ದಾಟಿತು ಅಂದರೆ ಮುಂದಿನ ಹಂತದ ದರ, ಅಂದರೆ ಒಂದು ಕೆಜಿಯದ್ದು. ಸುಮ್ನೆ ಖಾಲಿ ಡಬ್ಬಕ್ಕೆ ದುಡ್ಡು ಕೊಟ್ಟ ಹಾಗಾಯಿತು ಅಲ್ವಾ? ಈಗ 450 ಗ್ರಾಂ ಪ್ಯಾಕೆಟ್, ಡಬ್ಬದ ಬದಲು ದಪ್ಪ ಪ್ಲಾಸ್ಟಿಕ್ ಕವರ್. ಒಟ್ಟು 480 ಆಸುಪಾಸು. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ, ಆಮೇಲೆ ಅಂಟಿಸುತ್ತೇನೆ.

ಹಪ್ಪಳ, ಚಕ್ಕುಲಿಯಂಥ ಹಗುರ ಸಾಮಾನಿಗೆ ಲೆಕ್ಕ ಬೇರೆ. ಕೊರಿಯರ್‌ನವರು ಸಾಮಾನ್ಯವಾಗಿ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 30×20×15 ಡಬ್ಬಕ್ಕೆ 1.8 ಕೆಜಿ ಬರುತ್ತದೆ. ಒಳಗೆ ಇರುವುದು 700 ಗ್ರಾಂ ಆದರೂ ಬಿಲ್ಲು 1.8ಕ್ಕೇ! ಡಬ್ಬ ಕೊಳ್ಳುವ ಮೊದಲೇ ಟೇಪ್ ಹಿಡಿದು ಅಳೆಯಿರಿ.

ಇನ್ನೊಂದು, 'ರಿಜಿಸ್ಟರ್ಡ್ ಪೋಸ್ಟ್ ಅಗ್ಗ' ಅಂತ ಈಗಲೂ ಹೇಳುವವರಿದ್ದಾರೆ. ಅದನ್ನು 2025ರಲ್ಲೇ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು.

ಕ್ಯಾಶ್ ಆನ್ ಡೆಲಿವರಿ ಮಾತ್ರ ನಾನು ಬಿಟ್ಟೇಬಿಟ್ಟೆ. ಗಿರಾಕಿ ಬೇಡ ಅಂದರೆ ಹೋಗುವ ಖರ್ಚು, ವಾಪಸ್ ಬರುವ ಖರ್ಚು ಎರಡೂ ನಮ್ಮ ತಲೆಗೇ. ಪುಡಿ ಘಮ ಬೇರೆ ಹೋಗಿರುತ್ತದೆ. ದಿನಕ್ಕೆ ಹತ್ತಿಪ್ಪತ್ತು ಪಾರ್ಸೆಲ್ ಇದ್ದರೆ ದೊಡ್ಡ ಅಂಚೆ ಕಚೇರಿಯಲ್ಲಿ ವ್ಯಾಪಾರಿ ಖಾತೆ ಬಗ್ಗೆ ಕೇಳಿ ನೋಡಿ.